ಹಿಂದಿನ ಗೇಟು

"ಕಣ್ಣ ಮುಚ್ಚರ್ರಿ, ಕೈ ಚಾಚರ್ರಿ!" ಎಂದು ಜವಾನ ಹೇಮಪ್ಪ ಕೂಗಿದ. ಗೇಟಿನ ಮುಂದೆ ಸಾಲಾಗಿ ನಿಂತ ಮಕ್ಕಳು ಕೈ ಅಗಲಿಸಿದರು. ಹತ್ತಿ ಹೊಲಕ್ಕೆ ಔಷಧ ಹೊಡೆಯುವ ಪಂಪನ್ನು ಹೇಮಪ್ಪ ಬೆನ್ನಿಗೇರಿಸಿಕೊಂಡಿದ್ದ. ಅದರಿಂದ ಬ್ಲೀಚಿಂಗ್ ನೀರು ಮಕ್ಕಳ ನೆತ್ತಿಯಿಂದ ಪಾದದವರೆಗೆ ಬಿತ್ತು. ಮುಖ್ಯೋಪಾಧ್ಯಾಯಿನಿ ಮಮತಾ ಮೊಬೈಲಿನಲ್ಲಿ ಫೋಟೋ ತೆಗೆದರು. ಕೊರೊನಾ ಇಳಿದು ಕೊರ್ಲಹಳ್ಳಿಯ ಶಾಲೆ ಅಂದೇ ತೆರೆದಿತ್ತು.

ಮೈಮೇಲೆ ಹೊಡೆಯಬೇಡಿ, ಅದರಿಂದ ಕೇಡೇ ಹೆಚ್ಚು, ಬೆಂಚು ಬಾಗಿಲು ಒರೆಸಿ, ಮಕ್ಕಳ ಕೈ ತೊಳೆಸಿ ಎಂದು ಮುಂಡರಗಿಯ ಶಿಕ್ಷಕರ ಸಭೆಯಲ್ಲಿ ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಆದರೆ ಒರೆಸಿದ ಬೆಂಚು ಫೋಟೋದಲ್ಲಿ ಏನು ಮಹಾ ಕಾಣುತ್ತದೆ? ಉಳಿದ ಶಾಲೆಯವರೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಪಂಪಿನ ಫೋಟೋ ಮೆರೆಸುವಾಗ ತಾವೊಬ್ಬರೇ ಅರಿವೆ ಹಿಡಿದು ನಿಲ್ಲುವುದೇ? ಅದೇ ಶಾಲೆಯಲ್ಲಿ ಓದುವ ಸ್ವಂತ ಮಗಳು ರೋಜಾಳಿಗೆ ಮಾತ್ರ ಮಮತಾ ಬೆಳಿಗ್ಗೆಯೇ ಕಿವಿಯಲ್ಲಿ ಉಸುರಿದ್ದರು: "ನೀ ಹಿಂದಿನ ಗೇಟಿಂದ ಬಾ. ಕಣ್ಣಾಗ ಹೋದ್ರ ಉರಿತೈತಿ."

ಮಧ್ಯಾಹ್ನ ರೋಜಾಳ ಗೆಳತಿ ಅಸ್ಮಾಳ ಕಣ್ಣು ಕೆಂಪಗಾಗಿ ಊದಿಕೊಂಡವು. ಅವಳ ಅಜ್ಜಿ ಗುಲಾಬಬಿ ಬಂದಳು. ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಮುದುಕಿ ಚಪ್ಪಲಿ ಹೊರಗೆ ಬಿಟ್ಟು ಮಮತಾರ ಕೋಣೆಯ ಬಾಗಿಲಲ್ಲೇ ನಿಂತಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಮ್ಮ ಹುಡುಗೀನ ಕಣ್ಣ ಬಿಟ್ಟಿರಬೇಕು. ನೀವು ಪಾಪ, ಮಕ್ಕಳ ಚಲೋಕ್ಕ ಮಾಡೀರಿ. ದವಾಖಾನಿಗೆ ಕರ್ಕೊಂಡ ಹೊಂಟೇನಿ." ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. "ಖರೆ, ನಿಮ್ಮ ರೋಜಾ ಹೆಂಗದಾಳ್ರಿ? ಆಕೀಗೂ ಹೊಡದಿರ್ತಾರಲ್ಲ, ಕೂಸು!"

"ಹೂಂನ್ರಿ, ಆಕೀಗೂ ಒಂಚೂರು ಉರಿ ಆತು" ಎಂದುಬಿಟ್ಟರು ಮಮತಾ.

ಅಷ್ಟರಲ್ಲಿ ಅಸ್ಮಾಳ ಕೈ ಹಿಡಿದು ತರಗತಿಯಿಂದ ಕರೆತಂದ ರೋಜಾ ಗುಲಾಬಬಿಯ ಬೆನ್ನ ಹಿಂದೆ ನಿಂತಿದ್ದಳು. ತಾಯಿಯ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಥೂ, ಇದೆಂಥ ಬಾಳು ನನ್ನದು ಎನಿಸಿತು ಮಮತಾರಿಗೆ. ಮನೆಗೆ ಹೋದ ಮೇಲೂ ಮಗಳು ಏನೂ ಕೇಳಲಿಲ್ಲ. ಕೇಳಿದ್ದರೆ ಗದರಿಸಿಯಾದರೂ ಬಾಯಿ ಮುಚ್ಚಿಸಬಹುದಿತ್ತು.

ಮರುದಿನ ಹಿಂದಿನ ಗೇಟಿನಲ್ಲಿ ರೋಜಾ ಕಾಣಲಿಲ್ಲ. ಮಮತಾ ಗಾಬರಿಯಾಗಿ ಮುಂದೆ ಬಂದರೆ ಅವಳು ಸಾಲಿನ ಮೊದಲಿಗೆ, ಕಣ್ಣು ಬಿಗಿಯಾಗಿ ಮುಚ್ಚಿ, ಕೈ ಚಾಚಿ ನಿಂತಿದ್ದಾಳೆ! ಹಿಂದೆ ಅಸ್ಮಾ. ಔಷಧದ ಹನಿ ಹಾಕಿಸಿದ್ದರಿಂದ ಅವಳ ಬಾವು ಇಳಿದಿತ್ತು. ಮೊಮ್ಮಗಳನ್ನು ಬಿಡಲು ಬಂದ ಗುಲಾಬಬಿ ಪಕ್ಕದಲ್ಲಿದ್ದಳು.

ಪಂಪು ಹೊತ್ತ ಹೇಮಪ್ಪ ತಬ್ಬಿಬ್ಬಾದ. "ರೋಜವ್ವಗ ಹೊಡಿಲೇನ್ರಿ ಅಕ್ಕಾರ?"

"ಬ್ಯಾಡ! ಯಾರಿಗೂ ಬ್ಯಾಡ. ಕೆಳಗಿಳಸೋ ಅದನ್ನ. ಸಾಬೂನು ತಾ, ಎಲ್ಲಾರ ಕೈ ತೊಳಸು."

"ಯಾಕ್ರಿ ಅಕ್ಕಾರ? ನಿನ್ನಿ ಹೊಡಸಿದ್ರಲ್ಲ?" ಎಂದಳು ಗುಲಾಬಬಿ.

ಮಮತಾ ಗುಲಾಬಬಿಯ ಹತ್ತಿರ ಬಂದರು. "ಹೊಡೀಬಾರದಂತ ನನಗ ಗೊತ್ತಿತ್ರಿ, ಅಮ್ಮಾ. ಅದಕ್ಕ ರೋಜಾಗ ಹೊಡಸಿರಲಿಲ್ಲ. ಹಿಂದಿನ ಗೇಟಿಂದ ಒಳಗ ಕರ್ಕೊಂಡಿದ್ದೆ."

ಗುಲಾಬಬಿ ಅಸ್ಮಾಳನ್ನು ತನ್ನ ಕಡೆ ಎಳೆದುಕೊಂಡು ಸೆರಗಿನಿಂದ ಅವಳ ಕಣ್ಣೊರೆಸಿದಳು. ಹೇಮಪ್ಪ ಪಂಪು ಇಳಿಸಿ ಸಾಬೂನು ತರಲು ಹೋದ. ಮಕ್ಕಳು ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು.

"ರೋಜಾ, ಆತು, ಕಣ್ಣ ತಗಿ" ಎಂದರು ಮಮತಾ.

ರೋಜಾ ಚಾಚಿದ ಕೈ ಇಳಿಸಲಿಲ್ಲ, ಕಣ್ಣೂ ತೆಗೆಯಲಿಲ್ಲ.