ದಿಣ್ಣೆಯ ಬೆಂಚು

ನಮ್ಮ ಊರಿನ ಸ್ವಯಂಸೇವಕರ ಸಮಿತಿ ಇಪ್ಪತ್ತು ವರ್ಷ ಮುಂದಿನ ಯೋಜನೆ ಮಾಡುತ್ತಿತ್ತು. ಏನಾದರೂ ಬೇಕೆಂದು ಕೇಳುವವರು ಆಗ ತಮಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಮೊದಲು ಹೇಳಬೇಕು. ಅದು ಸಮಿತಿಯ ಪದ್ಧತಿ. ನಕ್ಷೆಯಲ್ಲಿ ಗುರುತು ಹಾಕುವ ಕೆಲಸ ನನ್ನದು.

"ನಂಗೆ ಎಂಬತ್ತೆರಡು," ಎಂದರು ಎಲೆಕ್ಟ್ರಿಷಿಯನ್ ಮಾವ. "ಹಲ್ಲೆಲ್ಲ ಉದುರಿರತ್ತೆ, ಬಾಯಿ ಮಾತ್ರ ಗಟ್ಟಿ ಇರತ್ತೆ. ನಮ್ಮ ಬೀದಿಗೆ ಇನ್ನೆರಡು ದೀಪ ಬೇಕು."

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಮುಂದಿನ ಸರದಿ ಅಕ್ಕನದು. ಇನ್ನೊಂದು ವರ್ಷ ಬದುಕುವುದೂ ಕಷ್ಟವೆಂದು ಡಾಕ್ಟರು ಅವಳಿಗೆ ಹೇಳಿದ್ದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇವತ್ತು ಬರಬೇಡವೆಂದು ನಾನು ಹೇಳಿದರೂ ಬಂದಿದ್ದಳು.

"ಆಸ್ಪತ್ರೆ ದಿಣ್ಣೆಗೆ ಒಂದು ಬೆಂಚು ಬೇಕು," ಎಂದಳು ಅಕ್ಕ.

"ಮೊದ್ಲು ವಯಸ್ಸು ಹೇಳಮ್ಮ. ಹೆಂಗಸರಿಗೆ ರಿಯಾಯಿತಿ ಇಲ್ಲ," ಎಂದು ಮಾವ ಕಿಚಾಯಿಸಿದರು.

"ನನ್ನ ಲೆಕ್ಕ ಬಿಡಿ ಮಾವ, ನಾನಿರಲ್ಲ. ನನ್ನ ತಂಗಿಗೆ ಅರವತ್ತೆಂಟಾಗಿರತ್ತೆ. ಇವಳ ಮಂಡಿ ಈಗ್ಲೇ ಕೈಕೊಟ್ಟಿದೆ. ಆಗ ಕೈ ಹಿಡಿದು ಹತ್ತಿಸೋರು ಯಾರು?"

ಮಾವ ಕನ್ನಡಕ ತೆಗೆದು ಒರೆಸತೊಡಗಿದರು.

ನಕ್ಷೆಯ ಗೆರೆಗಳು ಕಣ್ಣಿಗೆ ಕಲಸಿಹೋಗಿದ್ದವು. "ಎಲ್ಲಿ ಹಾಕಲಿ?" ಎಂದೆ.

"ಅರ್ಧ ದಾರೀಲಿ ಹಾಕು ಕಣೇ," ಎಂದಳು ಅಕ್ಕ. "ನಂಗೆ ಸುಸ್ತಾಗೋದು ಅಲ್ಲೇ."