ಮೊದಲ ಶಟರ್ ದೊಡ್ಡಪ್ಪನದು

ಸಮುದ್ರಕ್ಕೆ ಮುಖ ಮಾಡಿ ನಿಂತ ನಮ್ಮ ಬೀದಿಯಲ್ಲಿ ಸೀಸನ್ ಶುರುವಾಗುವುದು ಕ್ಯಾಲೆಂಡರ್ ನೋಡಿ ಅಲ್ಲ, ದೊಡ್ಡಪ್ಪನ ಶಟರ್ ನೋಡಿ. ದೊಡ್ಡಪ್ಪ ಅಂದರೆ ಫೋಟೋ ಸ್ಟುಡಿಯೋದವರು. ನಮಗೆ ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅವರು ದೊಡ್ಡಪ್ಪ. ಮಳೆಗಾಲ ಪೂರ್ತಿ ನಾವೆಲ್ಲ ಬಾಗಿಲು ಹಾಕಿಕೊಂಡಿರುತ್ತೇವೆ. ಮಳೆ ಹಿಂದಾದ ಮೇಲೆ ಒಂದು ಬೆಳಗ್ಗೆ ಅವರು ಮಹಡಿಯಿಂದ ಇಳಿದು ಬಂದು, ನೀರಿನ ಕಡೆ ನೋಡಿ, "ಬೆಳಕು ಬಂತು" ಅನ್ನುತ್ತಾರೆ. ಆಮೇಲೆ ಶಟರ್ ಎತ್ತುತ್ತಾರೆ. ಆ ಸದ್ದು ಕೇಳಿದ ಮೇಲೆಯೇ ಚಪ್ಪಲಿ ಅಂಗಡಿ, ಐಸ್‌ಕ್ರೀಮ್ ಅಂಗಡಿ, ಕೊನೆಗೆ ನಮ್ಮ ಟೋಪಿ ಅಂಗಡಿ. ಟೋಪಿ ಹಾಕುವುದೇ ನಮ್ಮ ಮನೆತನದ ಕಸುಬು ಎಂದು ನಮ್ಮ ಯಜಮಾನರು ಗಿರಾಕಿಗಳ ಮುಂದೆ ಹೇಳುತ್ತಾರೆ. ನನ್ನ ಮದುವೆಯಾದಾಗಿನಿಂದ ಅದೊಂದೇ ಜೋಕು.

ಎಲ್ಲರೂ ತೆರೆದ ಮೇಲೆ ಸೀಸನ್ನಿನ ಮೊದಲ ಫೋಟೋ ನಮ್ಮದು. ಸ್ಟುಡಿಯೋದೊಳಗೆ ನೀಲಿ ಬಣ್ಣದ ಸಮುದ್ರ ಬರೆದ ಪರದೆಯಿದೆ, ಅದರ ಮುಂದೆ ಬೀದಿಯವರೆಲ್ಲ ಸಾಲಾಗಿ ನಿಲ್ಲಬೇಕು. ಹೊರಗೆ ನಿಜವಾದ ಸಮುದ್ರವೇ ಇದೆಯಲ್ಲ ಎಂದು ಹೊಸ ಸೊಸೆಯಾಗಿ ಬಂದಾಗ ನಾನು ಕೇಳಿದ್ದೆ. "ಅದು ಸುಮ್ನೆ ನಿಲ್ಲಲ್ಲ ಮಗಳೇ" ಅಂದಿದ್ದರು ದೊಡ್ಡಪ್ಪ.

ಈ ಪದ್ಧತಿ ಬಂದದ್ದು ಜಗಳದಿಂದ. ಅಜ್ಜಂದಿರ ಕಾಲದಲ್ಲಿ ನಾ ಮುಂದು ತಾ ಮುಂದು ಎಂದು ವರ್ಷವರ್ಷವೂ ಬೇಗ ಬೇಗ ಅಂಗಡಿ ತೆರೆದು, ಕಡೆಗೆ ಜಡಿಮಳೆಯಲ್ಲೇ ನೊಣ ಹೊಡೆಯುತ್ತಾ ಕೂತರಂತೆ. ಸಾಲದ್ದಕ್ಕೆ ಹೊಡೆದಾಟ. ಆಗ ಹಿರಿಯರು ತೀರ್ಮಾನಿಸಿದರು: ಬೆಳಕು ನೋಡಿ ಬದುಕುವವನು ಸ್ಟುಡಿಯೋದವನು, ಅವನು ಮೊದಲು ತೆರೆಯಲಿ. ಅವನಿಗಿಂತ ಮುಂಚೆ ಇನ್ನೊಬ್ಬರ ಶಟರ್ ಎದ್ದರೆ ಅದಕ್ಕೆ ಒಂದೇ ಅರ್ಥ, ಅವನು ತೀರಿಕೊಂಡ. ದೊಡ್ಡಪ್ಪನ ಅಪ್ಪ ತೀರಿಹೋದ ವರ್ಷ ನಮ್ಮ ಮಾವನವರು ಅಳುತ್ತಲೇ ಮೊದಲು ಶಟರ್ ಎತ್ತಿದರಂತೆ.

ಈ ವರ್ಷದ ಸೀಸನ್ ನಮಗೆ ಅಳಿವು ಉಳಿವಿನ ಮಾತಾಗಿತ್ತು. ಬೀದಿಯ ತುದಿಯಲ್ಲಿ ದೊಡ್ಡ ಹೋಟೆಲ್ ಎದ್ದಿದೆ. ಅದರ ಕೆಳಗಿನ ಗಾಜಿನ ಅಂಗಡಿಯಲ್ಲಿ ಟೋಪಿ, ಚಪ್ಪಲಿ, ಐಸ್‌ಕ್ರೀಮ್ ಎಲ್ಲವೂ ಒಂದೇ ಸೂರಿನಡಿ. ಅವರಿಗೆ ಕಾರು ನಿಲ್ಲಿಸಲು ನಮ್ಮ ಸಾಲು ಬೇಕಂತೆ. ನಮ್ಮ ಅಂಗಡಿ ಸಾಲಿನ ಮಾಲೀಕರು ಮುಲಾಜಿಲ್ಲದೆ ಹೇಳಿದ್ದರು: "ಈ ಸೀಸನ್ ವ್ಯಾಪಾರ ನಡೆಸಿ ತೋರಿಸಿ, ನಿಮ್ಮನ್ನ ಎಬ್ಬಿಸಲ್ಲ. ನಡೀಲಿಲ್ಲ ಅಂದ್ರೆ ಜಾಗ ಹೋಟೆಲಿನವರಿಗೆ." ಹಾಗಾಗಿ ಮಳೆಗಾಲವೆಲ್ಲ ನಾನು ಮನೆಯಲ್ಲಿ ಸುಮ್ಮನೆ ಕೂತಿರಲಿಲ್ಲ. ಬಾಗಿದ ಹುಲ್ಲಿನ ಟೋಪಿಗಳಿಗೆ ಕೆಟಲಿನ ಹಬೆ ಹಿಡಿದು, ಮರದ ತಲೆಗಳಿಗೆ ಒತ್ತಿ ಕೂರಿಸಿ, ಅಂಚು ನೆಟ್ಟಗೆ ಮಾಡಿ, ಹೊಸ ರಿಬ್ಬನ್ ಹೊಲಿದೆ. ಬೆರಳೆಲ್ಲ ಬೊಬ್ಬೆ.

ಮಳೆ ನಿಂತಿತು. ಬಿಸಿಲು ಬಂತು. ಬಸ್ಸುಗಳೂ ಬಂದವು. ಸ್ಟುಡಿಯೋದ ಶಟರ್ ಮಾತ್ರ ಏಳಲಿಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಬಂದವರು ನಮ್ಮ ಮುಚ್ಚಿದ ಬಾಗಿಲುಗಳನ್ನು ನೋಡಿ, ತಲೆಗೆ ಟವೆಲ್ ಹಾಕಿಕೊಂಡು ಗಾಜಿನ ಅಂಗಡಿಯತ್ತ ನಡೆದರು. ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಚಪ್ಪಲಿ ಅಂಗಡಿಯವನು ಹಿತ್ತಿಲ ಬಾಗಿಲಿನಿಂದ ಯಾರಿಗೋ ಒಂದು ಜೊತೆ ಮಾರಿ, ಕಳ್ಳನ ಹಾಗೆ ಬೆವತು ಬಂದು ನಮ್ಮ ಮನೆಯಲ್ಲಿ ಕೂತ.

"ಅತ್ತಿಗೇ, ನೀವೇ ಹೋಗಿ ಕೇಳಿ. ನಿಮ್ಮ ಮೇಲೆ ಅವರಿಗೆ ಪ್ರೀತಿ ಜಾಸ್ತಿ."

"ಗಂಡಸರಿಗೆ ಬಾಯಿಲ್ವಾ?" ಅಂದೆ. ಅವನೂ ನಮ್ಮ ಯಜಮಾನರೂ ಕಾಫಿ ಲೋಟದೊಳಗೆ ಮುಖ ಇಟ್ಟರು. ನಾನೇ ಹೋದೆ.

ದೊಡ್ಡಪ್ಪ ಮಹಡಿಯಲ್ಲಿ ಸಮುದ್ರದ ಕಡೆಯ ಕಿಟಕಿಗೆ ಮುಖ ಮಾಡಿ ಕೂತಿದ್ದರು. ನೀರಿನ ಮೇಲಿಂದ ಬಿಸಿಲು ನೇರ ಒಳಗೆ ನುಗ್ಗಿ ನನಗೆ ಕಣ್ಣು ಬಿಡಲಾಗಲಿಲ್ಲ. ಅದೇ ಬಿಸಿಲು ಅವರ ಮುಖದ ತುಂಬ ಬಿದ್ದಿತ್ತು. ಅವರ ರೆಪ್ಪೆ ಅಲುಗಲಿಲ್ಲ. ನನ್ನ ದನಿ ಕೇಳಿ ಖುಷಿಯಾಗಿ ಎದ್ದು, ಗೋಡೆ ಸವರಿಕೊಂಡು ಹೋಗಿ, ನನಗಾಗಿ ಟೀ ಬಗ್ಗಿಸಿದರು. ಲೋಟ ತುಂಬಿತೋ ಇಲ್ಲವೋ ಎಂದು ತಿಳಿಯಲು ಬೆರಳನ್ನು ಒಳಗೆ ಇಳಿಬಿಟ್ಟಿದ್ದರು. ಬಿಸಿ ಟೀ ಬೆರಳಿಗೆ ತಗುಲಿದಾಗ ನಿಲ್ಲಿಸಿದರು. ದೊಡ್ಡಪ್ಪನಿಗೆ ಕಣ್ಣು ಹೋಗಿತ್ತು.

"ಈ ಸಲ ಮೋಡ ಸರೀತಾನೇ ಇಲ್ಲ ನೋಡು" ಅಂದರು. "ಎಲ್ಲಾ ಮಬ್ಬು. ಬೆಳಕು ಬರ್ಲಿ, ತೆಗೆಯೋಣ."

"ಜನ ಬಂದಿದಾರೆ ದೊಡ್ಡಪ್ಪ."

"ಜನ ಬರ್ತಾರೆ, ಹೋಗ್ತಾರೆ. ಬೆಳಕಿಲ್ದೆ ತೆಗೆದ್ರೆ ಅಜ್ಜಂದಿರು ಬೈಯಲ್ವಾ?"

"ಒಂದ್ಸಲ ಕಣ್ಣು ತೋರಿಸಿಕೊಂಡು ಬರೋಣ್ವಾ?"

"ಯಾರ ಕಣ್ಣು?" ಅಂದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಟೀ ಕುಡಿದು ಕೆಳಗೆ ಬಂದೆ. ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಇದ್ದದ್ದನ್ನು ಇದ್ದ ಹಾಗೆ ಬೀದಿಯವರಿಗೆ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಅಂದರು. ಅವರಿಗೆ ತಿಳಿಸಿ ಹೇಳೋರು ಯಾರು ಎಂದಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಬೆಕ್ಕಿಗೆ ಗಂಟೆ ಕಟ್ಟುವ ಇಲಿ ಯಾವುದು? ಐಸ್‌ಕ್ರೀಮ್ ಅಂಗಡಿಯಾಕೆ, "ನಾಲ್ಕು ದಿನ ನೋಡೋಣ" ಅಂದಳು. ನಾಲ್ಕು ದಿನವೆಂದು ಶುರುವಾದದ್ದು ತಿಂಗಳುಗಳಾದವು.

ಒಂದು ಬೆಳಗ್ಗೆ ನನಗೆ ತಡೆಯಲಾಗಲಿಲ್ಲ. ಅಂಗಡಿಯ ಮುಂದೆ ಬಗ್ಗಿ, ಬೀಗ ತೆಗೆದು, ಶಟರಿನ ಹಿಡಿಗೆ ಕೈ ಹಾಕಿದೆ. ಯಜಮಾನರು ಪಕ್ಕಕ್ಕೆ ಬಂದು ನಿಂತರು. ತಡೆಯಲಿಲ್ಲ. "ಸದ್ದು ಅವರಿಗೆ ಕೇಳಿಸುತ್ತೆ ಕಣೇ" ಅಂದರು, ಅಷ್ಟೇ. ಮೇಲಿನ ಕಿಟಕಿಯಲ್ಲಿ ದೊಡ್ಡಪ್ಪ ಸಮುದ್ರದತ್ತ ಮುಖ ಮಾಡಿ ಕೂತಿದ್ದರು. ಬದುಕಿರುವ ಮನುಷ್ಯನಿಗೆ, ಅದೂ ನನ್ನ ಮದುವೆಯ ಫೋಟೋ ತೆಗೆದವರಿಗೆ, ನೀವು ಸತ್ತಿರಿ ಎಂದು ಹೇಗೆ ಕೇಳಿಸಲಿ? ಮತ್ತೆ ಬೀಗ ಹಾಕಿದೆ. ನನ್ನ ಮೇಲೆ ನನಗೇ ಸಿಟ್ಟು, ಅವರ ಮೇಲೆ ಇನ್ನೂ ಸಿಟ್ಟು. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ.

ಬಸ್ಸುಗಳು ಕಡಿಮೆಯಾದವು, ನಿಂತವು. ಸಮುದ್ರದ ಮೇಲೆ ಕಪ್ಪು ಮೋಡ ಕಟ್ಟತೊಡಗಿತು. ಆಗ ಮಾಲೀಕರ ಕಡೆಯಿಂದ ಮಾತು ಬಂತು, ಜಾಗದ ಅಳತೆಗೆ ಹೋಟೆಲಿನವರು ಬರುತ್ತಾರೆಂದು. ಇನ್ನು ಉಳಿಸಿಕೊಳ್ಳಲು ಏನೂ ಇರಲಿಲ್ಲ. ನಾನು ಮಹಡಿ ಹತ್ತಿ ದೊಡ್ಡಪ್ಪನ ಮುಂದೆ ನಿಂತೆ.

"ದೊಡ್ಡಪ್ಪ, ಬೆಳಕು ಬಂದಿದೆ."

ಅವರು ಕಿಟಕಿಯತ್ತ ತಿರುಗಿದರು. ಹೊರಗೆ ಮಳೆ ಹೊತ್ತ ಗಾಳಿ.

"ನಿಜವಾಗ್ಲೂ?"

"ಎಂಥಾ ಬೆಳಕು ಅಂತೀರಿ" ಅಂದೆ. ನಾಲಿಗೆ ತೊದಲಲಿಲ್ಲ.

ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನನ್ನ ಭುಜ ಹಿಡಿದು ಇಳಿದು ಬಂದು, ನೀರಿನ ಕಡೆ ಮುಖ ಮಾಡಿ "ಬೆಳಕು ಬಂತು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಶಟರ್ ಎತ್ತಿದರು. ಆ ಸದ್ದಿಗೆ ಚಪ್ಪಲಿ ಅಂಗಡಿ ತೆರೆಯಿತು, ಐಸ್‌ಕ್ರೀಮ್ ಅಂಗಡಿ ತೆರೆಯಿತು, ನಮ್ಮವರು ನಮ್ಮದನ್ನೂ ತೆರೆದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾವು ತೆರೆದೆವು, ಅಷ್ಟೇ ವ್ಯತ್ಯಾಸ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೋಟೆಲಿನ ಇಬ್ಬರು ಟೇಪು ಹಿಡಿದು ಆ ತುದಿಯಿಂದ ಅಳೆಯುತ್ತಾ ಬರುತ್ತಿದ್ದರು.

"ಎಲ್ರೂ ಬನ್ನಿ, ಫೋಟೋಗೆ!" ಎಂದು ದೊಡ್ಡಪ್ಪ ಕರೆದರು.

ನೀಲಿ ಪರದೆಯ ಮುಂದೆ ಸಾಲಾಗಿ ನಿಂತೆವು. ನಾನು ಇದ್ದುದರಲ್ಲೇ ಒಳ್ಳೆಯ ಟೋಪಿ ಹಾಕಿಕೊಂಡಿದ್ದೆ. ಅವರು ಕೈಯಿಂದ ತಡವಿ ಕ್ಯಾಮೆರಾ ಸರಿಪಡಿಸಿ, ಬಗ್ಗಿ ಕಣ್ಣಿಟ್ಟರು. ಲೆನ್ಸಿಗೆ ಹಾಕಿದ ಕಪ್ಪು ಮುಚ್ಚಳ ಹಾಗೇ ಇತ್ತು. ಅದು ಎಲ್ಲರಿಗೂ ಕಾಣುತ್ತಿತ್ತು. ಚಪ್ಪಲಿ ಅಂಗಡಿಯವನು ನನ್ನನ್ನು ನೋಡಿದ, ನಾನು ಯಜಮಾನರನ್ನು ನೋಡಿದೆ.

"ನಗಿ" ಅಂದರು. ಆ ಮುಚ್ಚಳವನ್ನೇ ನೋಡುತ್ತಾ ನಕ್ಕೆವು. ಕ್ಲಿಕ್ ಎಂದಿತು.

"ಈ ಸಲ ಒಬ್ಬರೂ ಕಣ್ಣು ಮುಚ್ಚಿಲ್ಲ" ಎಂದು ದೊಡ್ಡಪ್ಪ ತಲೆಯೆತ್ತಿದರು. "ಚೆನ್ನಾಗಿ ಬಂದಿದೆ."

"ಹೌದು ದೊಡ್ಡಪ್ಪ" ಅಂದೆವು ಎಲ್ಲರೂ.