ಐದನೆಯ ಆಯ್ಕೆ

ಬ್ರಿಟನ್ನಿನಲ್ಲಿ ವೈದ್ಯಕೀಯ ಓದಲು ನಾಲ್ಕೇ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿರುವ ಐದನೆಯ ಜಾಗಕ್ಕೆ ಬೇರೆ ವಿಷಯ ತುಂಬಬೇಕು, ಇಲ್ಲವೇ ಖಾಲಿ ಬಿಡಬೇಕು. ಲೌರಿ ಖಾಲಿ ಬಿಟ್ಟಿದ್ದಳು. ಅದಕ್ಕೇ ಪ್ಯೂ ಮೇಷ್ಟ್ರು ಅವಳ ತಾಯಿ ನೆರಿಸ್‌ಳನ್ನು ಶಾಲೆಗೆ ಕರೆಸಿದ್ದರು. ನೆರಿಸ್ ಆಸ್ಪತ್ರೆಯ ಪಾಳಿ ಮುಗಿಸಿ, ನರ್ಸ್ ಸಮವಸ್ತ್ರದ ಮೇಲೆ ಕೋಟು ಹಾಕಿಕೊಂಡೇ ಬಂದಿದ್ದಳು.

“ಈ ಕಣಿವೆಯಿಂದ ಯಾರೂ ಡಾಕ್ಟರ್ ಓದೋಕೆ ಹೋಗಿಲ್ಲ ಕಣಮ್ಮ. ನಾಲ್ಕೂ ಕಡೆ ಬೇಡ ಅಂದ್ರೆ ಏನ್ಮಾಡ್ತೀಯ?” ಎಂದು ಮೇಷ್ಟ್ರು ಲೌರಿಯನ್ನು ಕೇಳಿದರು.

“ಮುಂದಿನ ವರ್ಷ ಮತ್ತೆ ಹಾಕ್ತೀನಿ ಸರ್,” ಎಂದಳು ಲೌರಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

“ನೋಡಿ ಇವಳ ಹಟಾನ! ನೀವಾದ್ರೂ ಹೇಳಿ.”

ನೆರಿಸ್ ಬಂದದ್ದೇ ಮಗಳಿಗೆ ಬುದ್ಧಿ ಹೇಳಲು. ಏನಾದರೊಂದು ತುಂಬಿಬಿಡೇ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಅಷ್ಟರಲ್ಲಿ ಮೇಷ್ಟ್ರು, “ಏನೂ ಸಿಗದಿದ್ರೆ ಇರ್ಲಿ ಅಂತ ನರ್ಸಿಂಗ್ ಹಾಕು. ಅದು ಹೆಂಗೂ ಮನೇಲೇ ಇದೆಯಲ್ಲ,” ಎಂದು ನಕ್ಕರು.

ನೆರಿಸ್ ನಗಲಿಲ್ಲ.

“ನರ್ಸಿಂಗು ಏನೂ ಸಿಗದೋರು ಬಂದು ಬೀಳೋ ಜಾಗ ಅಲ್ಲ ಸರ್. ನಾನು ಬೇಕು ಅಂತಲೇ ನರ್ಸ್ ಆದೆ. ಆ ಸೀಟು ಅದೇ ಬೇಕು ಅನ್ನೋ ಮಕ್ಕಳಿಗೆ ಇರ್ಲಿ.” ಮಗಳತ್ತ ತಿರುಗಿದಳು. “ಖಾಲಿನೇ ಕಳಿಸೇ.”

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಲೌರಿ ಗುಂಡಿ ಒತ್ತಿಯಾಗಿತ್ತು.